ಶತ್ರು ಬಾರದ ಊರಿನಲ್ಲಿ ಸಮರ: ೧೯೪೪ರ ಮುಂಬಯಿ ಬಂದರಿನ ಸ್ಫೋಟ

ಯುದ್ಧದಿಂದಾಗುವ ಪ್ರಾಣಹಾನಿಯ ಮಾತು ಬಂದಾಗ ನಮ್ಮ ಮನಸ್ಸು ಸಹಜವಾಗಿ ರಣರಂಗದ ಕಡೆಗೆ ಓಡುತ್ತದೆ. ಆದರೆ ಮದ್ದುಗುಂಡು ಕಾರಖಾನೆಯಿಂದ ತೋಪಿನ ಬಾಯಿಗೆ ತಾನಾಗಿ ನಡೆದು ಹೋಗುವುದಿಲ್ಲ. ಅದನ್ನು ಪೆಟ್ಟಿಗೆಗೆ ತುಂಬುವವರು, ರೈಲಿಗೆ ಏರಿಸುವವರು, ಹಡಗಿನಿಂದ ಇಳಿಸುವವರು, ಉಗ್ರಾಣದಲ್ಲಿ ಕಾಯುವವರು ಬೇರೆ ಬೇರೆ ಜನ. ಅವರಲ್ಲಿ ಬಹುಮಂದಿ ಸೈನಿಕರಲ್ಲ; ಹೊಟ್ಟೆಪಾಡಿಗಾಗಿ ದುಡಿಯುವವರು. ಆಯುಧವು ತನ್ನ ಗುರಿಯನ್ನು ಮುಟ್ಟುವುದಕ್ಕೆ ಮೊದಲೇ ದಾರಿಯಲ್ಲಿ ಸಿಡಿದರೆ ಸಾಯುವವರು ಇವರೇ. ಹೀಗೆ ಸತ್ತವರ ಲೆಕ್ಕವನ್ನು ಯುದ್ಧದ ಚರಿತ್ರೆಗಳು ಒಂದೆರಡು ಸಾಲುಗಳಲ್ಲಿ ಮುಗಿಸಿಬಿಡುತ್ತವೆ. ನಮ್ಮ ನಗರದಲ್ಲೇ ನಡೆದ ಒಂದು ಘಟನೆಯನ್ನು ಹಿಡಿದು ಈ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡೋಣ.

೧೯೪೪ನೆಯ ಇಸವಿ ಏಪ್ರಿಲ್ ೧೪, ಶುಕ್ರವಾರ. ಎರಡನೆಯ ಮಹಾಯುದ್ಧ ಐದನೆಯ ವರ್ಷದಲ್ಲಿತ್ತು. ಬರ್ಮಾದ ಗಡಿಯಲ್ಲಿ ಇಂಫಾಲ, ಕೊಹಿಮಾಗಳ ಬಳಿ ಘೋರ ಕದನ ನಡೆಯುತ್ತಿತ್ತು. ಮುಂಬಯಿಯು ರಣರಂಗದಿಂದ ಬಹುದೂರ. ಆದರೆ ಯುದ್ಧದ ಸರಂಜಾಮು ಬಂದಿಳಿಯುತ್ತಿದ್ದ ದೊಡ್ಡ ಬಂದರು. ಓದುಗರು ಹಳೆಯ ನಕಾಶೆಯೊಂದನ್ನು ಎದುರಿಗಿಟ್ಟುಕೊಂಡರೆ ಮಸ್ಜಿದ್ ಬಂದರಿನ ಪೂರ್ವಕ್ಕೆ ಪ್ರಿನ್ಸ್ ಡಾಕ್, ವಿಕ್ಟೋರಿಯಾ ಡಾಕ್ ಎಂಬ ಎರಡು ಹಡಗುಕಟ್ಟೆಗಳನ್ನೂ, ಅವುಗಳ ಬೆನ್ನಿಗೇ ಮಾಂಡವಿಯ ಧಾನ್ಯದ ಪೇಟೆ, ಉಗ್ರಾಣಗಳು, ಕೂಲಿಕಾರರ ಕೇರಿಗಳನ್ನೂ ಕಾಣಬಹುದು. (ಮುಂಬಯಿಯಲ್ಲಿ ನೆಲೆಸಿದ ನಮ್ಮವರು ಹಡಗುಕಟ್ಟೆಗೆ 'ಗೋದಿ' ಎಂಬ ಮರಾಠಿಯ ಮಾತನ್ನೇ ಬಳಸುತ್ತಾರೆ. ಊರಿನಿಂದ ಹೊಸದಾಗಿ ಬಂದವರು 'ಗೋದಿಯಲ್ಲಿ ಕೆಲಸ' ಎಂದರೆ ಗೋಧಿಯ ಅಂಗಡಿಯೆಂದು ತಿಳಿಯುವುದುಂಟು.) ಸಮುದ್ರ, ಗೋದಿ, ಉಗ್ರಾಣ, ವಸತಿ ಇವು ಒಂದಕ್ಕೊಂದು ಅಂಟಿಕೊಂಡಿರುವುದನ್ನು ಗಮನಿಸಿದರೆ ಮುಂದಿನ ಕಥೆಯ ಅರ್ಧ ತಿಳಿದಂತೆಯೇ.

ವಿಕ್ಟೋರಿಯಾ ಡಾಕಿನ ಒಂದನೆಯ ಕಟ್ಟೆಗೆ ಏಪ್ರಿಲ್ ೧೨ರಂದು ಬಂದು ನಿಂತ ಹಡಗಿನ ಹೆಸರು 'ಫೋರ್ಟ್ ಸ್ಟಿಕಿನ್'. ೧೯೪೨ರಲ್ಲಿ ಕೆನಡಾದಲ್ಲಿ ಕಟ್ಟಿದ, ೭,೧೪೨ ಟನ್ನಿನ ಸರಕು ಹಡಗು. ಫೆಬ್ರವರಿ ೨೪ರಂದು ಇಂಗ್ಲೆಂಡಿನ ಬರ್ಕನ್‌ಹೆಡ್ಡಿನಿಂದ ಹೊರಟು, ಕರಾಚಿಯ ಮಾರ್ಗವಾಗಿ ಇಲ್ಲಿಗೆ ಬಂದಿತ್ತು. ಅದರ ಹೊಟ್ಟೆಯಲ್ಲಿ ೧,೩೯೫ ಟನ್ ಸಿಡಿಮದ್ದು, ಟಾರ್ಪೆಡೊ, ಸಾಗರಸ್ಫೋಟಕ, ತೋಪಿನ ಗುಂಡು ಮುಂತಾದುವು ಇದ್ದುವು. ಇದರಲ್ಲಿ ೨೩೮ ಟನ್ನಿನಷ್ಟು ತೀರ ಸೂಕ್ಷ್ಮವಾದ, ಸ್ವಲ್ಪ ಕಾವಿಗೂ ಸಿಡಿಯತಕ್ಕ ಜಾತಿಯದು. ಬಿಡಿಬಿಡಿಯಾಗಿ ತುಂಬಿದ ಸ್ಪಿಟ್‌ಫೈರ್ ವಿಮಾನಗಳಿದ್ದುವು. ೩೧ ಪೆಟ್ಟಿಗೆಗಳಲ್ಲಿ ೧೨೪ ಚಿನ್ನದ ಗಟ್ಟಿಗಳಿದ್ದುವು. ಇಷ್ಟು ಸಾಲದೆಂಬಂತೆ ಕರಾಚಿಯಲ್ಲಿ ಸಾವಿರಾರು ಹತ್ತಿಯ ಮೂಟೆಗಳು, ಎಣ್ಣೆಯ ಪೀಪಾಯಿಗಳು, ಮರ, ಮೀನುಗೊಬ್ಬರಗಳನ್ನು ಹೇರಲಾಗಿತ್ತು. ಉರಿಯುವುದು, ಸಿಡಿಯುವುದು ಎಂಬ ಎರಡು ಜಾತಿಯ ಸರಕೆಲ್ಲವೂ ತನ್ನ ಹಡಗಿನಲ್ಲಿದೆಯೆಂದು ಕಪ್ತಾನ ನೈಸ್ಮಿತ್ತನೇ ಹೇಳಿದ್ದನಂತೆ.

ಹತ್ತಿಯ ಸ್ವಭಾವವನ್ನು ಇಲ್ಲಿ ಸ್ವಲ್ಪ ತಿಳಿಯಬೇಕು. ಯಂತ್ರದಿಂದ ಬಿಗಿದೊತ್ತಿದ ಹತ್ತಿಯ ಮೂಟೆಗೆ ಬೆಂಕಿ ತಗಲಿದರೆ ಅದು ಹುಲ್ಲಿನಂತೆ ಭಗ್ಗನೆ ಉರಿದು ಮುಗಿಯುವುದಿಲ್ಲ. ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯ ಆಸರೆಯಿಂದ ಒಳಗೊಳಗೇ ಕುಮುಲುತ್ತ, ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಕೆಂಡವಾಗಿರುತ್ತದೆ. ಮೇಲಿನಿಂದ ನೀರು ಸುರಿದರೆ ಹೊರಮೈ ನೆನೆಯುತ್ತದೆ, ಒಡಲು ಉರಿಯುತ್ತಲೇ ಇರುತ್ತದೆ. ಎಣ್ಣೆ ತಗಲಿದ ಹತ್ತಿಯಂತೂ ಹೊರಗಿನ ಕಿಡಿಯಿಲ್ಲದೆಯೇ ಕಾವೇರಬಲ್ಲದು. ಅಂಥ ಹತ್ತಿಯನ್ನೂ ಸಿಡಿಮದ್ದನ್ನೂ ಹಡಗಿನ ಎರಡನೆಯ ನಂಬರಿನ ಒಂದೇ ಅಂಕಣದಲ್ಲಿ ತುಂಬಿದ್ದರು.

ಶಾಂತಿಕಾಲದ ಕಟ್ಟಳೆಯಂತೆ ಸಿಡಿಮದ್ದಿನ ಹಡಗು ಗೋದಿಯೊಳಕ್ಕೆ ಬರಕೂಡದು. ದೂರ ನೀರಿನಲ್ಲೇ ಲಂಗರು ಹಾಕಿ ದೋಣಿಗಳಿಗೆ ಸರಕನ್ನು ಇಳಿಸಬೇಕು. ಅಪಾಯದ ಗುರುತಾಗಿ ಕೆಂಪು ಬಾವುಟ ಏರಿಸಬೇಕು. ಯುದ್ಧದ ಅವಸರದಲ್ಲಿ ಎರಡನ್ನೂ ಸಡಿಲಿಸಿದ್ದರು. ದೂರದಲ್ಲಿ ಇಳಿಸಿದರೆ ಕಾಲವ್ಯಯ. ಕೆಂಪು ಬಾವುಟ ಏರಿಸಿದರೆ ಶತ್ರುವಿಗೆ ಸುಳಿವು. ಈ ವಾದದಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಶತ್ರುವಿಗೆ ತಿಳಿಯಬಾರದೆಂದು ಮುಚ್ಚಿಟ್ಟ ಸಂಗತಿಯು ಪಕ್ಕದ ಹಡಗಿನ ಖಲಾಸಿಗೂ, ಕಟ್ಟೆಯ ಮೇಲೆ ಮೂಟೆ ಹೊರುವ ಕೂಲಿಗೂ ತಿಳಿಯದೆ ಹೋಯಿತು. ಬಂದು ನಾಲ್ವತ್ತೆಂಟು ಗಂಟೆ ಕಳೆದರೂ ಹಡಗು ಖಾಲಿಯಾಗಲಿಲ್ಲ. ಅವಸರಕ್ಕಾಗಿ ಕಟ್ಟಳೆ ಮುರಿದರು, ಅವಸರವೂ ಕೈಗೂಡಲಿಲ್ಲ.

ಶುಕ್ರವಾರ ಮಧ್ಯಾಹ್ನ ಸುಮಾರು ಎರಡು ಗಂಟೆಗೆ ಎರಡನೆಯ ಅಂಕಣದಲ್ಲಿ ಬೆಂಕಿಯಿರುವುದು ಗೊತ್ತಾಯಿತು. ಸ್ಫೋಟವಾದದ್ದು ನಾಲ್ಕು ಗಂಟೆ ಆರು ನಿಮಿಷಕ್ಕೆ. ನಡುವೆ ಎರಡು ಗಂಟೆಗಳಷ್ಟು ಕಾಲವಿತ್ತು. ಎರಡು ಗಂಟೆಯೆಂದರೆ ಇಡೀ ಬಂದರನ್ನೂ ಸುತ್ತಲಿನ ಬೀದಿಗಳನ್ನೂ ತೆರವು ಮಾಡಿಸಬಹುದಾದ ಕಾಲ. ಆ ಹೊತ್ತು ಹೇಗೆ ಕಳೆಯಿತು? ಹಡಗಿನ ಪಂಪುಗಳು, ಅಗ್ನಿಶಾಮಕ ದಳದ ಪಂಪುಗಳು, ನೀರಿನಲ್ಲಿ ನಿಂತ ಅಗ್ನಿದೋಣಿಗಳು ಸೇರಿ ೯೦೦ ಟನ್ನಿಗೂ ಮೇಲ್ಪಟ್ಟು ನೀರನ್ನು ಒಳಕ್ಕೆ ಸುರಿದುವು. ದಟ್ಟವಾದ ಹೊಗೆಯಿಂದ ಬೆಂಕಿಯ ಮೂಲ ಎಲ್ಲಿದೆಯೆಂದೇ ಕಾಣಲಿಲ್ಲ. ಸುರಿದ ನೀರು ಹಡಗಿನಲ್ಲೇ ಕುದಿಯತೊಡಗಿತು. ಹಡಗನ್ನು ಹೊರಗೆಳೆದೊಯ್ಯುವುದೇ, ಇದ್ದಲ್ಲಿಯೇ ಮುಳುಗಿಸುವುದೇ, ನೀರು ಹೊಡೆಯುತ್ತ ಕಾಯುವುದೇ ಎಂಬ ಚರ್ಚೆ ಕಟ್ಟೆಯ ಮೇಲೆ ನಡೆಯಿತು. ಹಡಗಿಗೆ ಕಪ್ತಾನನ ಅಧಿಕಾರ, ಕಟ್ಟೆಗೆ ಬಂದರಿನವರ ಅಧಿಕಾರ, ಬೆಂಕಿಗೆ ಅಗ್ನಿಶಾಮಕ ದಳದ ಅಧಿಕಾರ, ಮದ್ದುಗುಂಡಿಗೆ ಸೇನೆಯವರ ಅಧಿಕಾರ. ಎಲ್ಲರಿಗೂ ಸೇರಿ ಕೊನೆಯ ಮಾತನ್ನು ಆಡತಕ್ಕವರು ಯಾರೆಂಬುದೇ ನಿಶ್ಚಯವಾಗಿರಲಿಲ್ಲ. ೩ ಗಂಟೆ ೫೦ ನಿಮಿಷಕ್ಕೆ ಹಡಗನ್ನು ಬಿಡುವ ಆಜ್ಞೆಯಾಯಿತು. ಉಳಿದದ್ದು ಹದಿನಾರು ನಿಮಿಷ.

ಬೆಂಕಿಗೆ ಕಾರಣ ಯಾರೋ ಸೇದಿ ಎಸೆದ ಬೀಡಿಯೋ ಸಿಗರೇಟೋ ಇರಬೇಕೆಂಬ ಮಾತು ಬಹುಕಾಲ ನಡೆಯಿತು. ನಮಗೆ ಇದು ಬಹಳ ಮುಖ್ಯವೆಂದು ತೋರುವುದಿಲ್ಲ. ಕಿಡಿ ಯಾರದೇ ಆಗಲಿ, ಹತ್ತಿಯನ್ನೂ ಮದ್ದನ್ನೂ ಜೊತೆಯಾಗಿ ಪೇರಿಸಿದವನು ಮೂಟೆ ಹೊರುವ ಕೂಲಿಯಲ್ಲ. ಅದನ್ನು ಊರೊಳಕ್ಕೆ ಬರಗೊಟ್ಟವನೂ ಅವನಲ್ಲ.

ಮೊದಲನೆಯ ಸ್ಫೋಟ ಹಡಗನ್ನು ಇಬ್ಭಾಗ ಮಾಡಿತು. ಹನ್ನೆರಡು ಕಿಲೋಮೀಟರಿನಾಚೆಗೂ ಕಿಟಕಿಯ ಗಾಜುಗಳು ಒಡೆದುವು. ಸಿಮ್ಲಾ ನಗರ ಇಲ್ಲಿಗೆ ಬಹುದೂರ. ಅಲ್ಲಿನ ಭೂಕಂಪಮಾಪಕದಲ್ಲೂ ಈ ನಡುಕ ದಾಖಲಾಯಿತು. ಬೆಂಕಿಯನ್ನು ಆರಿಸುತ್ತಿದ್ದ ಅಗ್ನಿಶಾಮಕ ದಳದವರು ಬಹುಮಂದಿ ನಿಂತ ನಿಲುವಿನಲ್ಲೇ ಹೋದರು, ಕಪ್ತಾನನೂ ಸತ್ತನು. ಪಕ್ಕದಲ್ಲಿದ್ದ 'ಜಲಪದ್ಮ' ಎಂಬ ಹಡಗು ನೀರಿನಿಂದ ಎತ್ತಿ ಕಟ್ಟೆಯ ಮೇಲೆ ಎಸೆಯಲ್ಪಟ್ಟಿತು. ಉರಿಯುವ ಹತ್ತಿಯ ಮೂಟೆಗಳು ಆಕಾಶಕ್ಕೆ ಹಾರಿ ಗುಡಿಸಲುಗಳ ಮೇಲೂ, ಉಗ್ರಾಣಗಳ ಮಾಡಿನ ಮೇಲೂ ಮಳೆಯಂತೆ ಬಿದ್ದುವು. ಗಾಯಗೊಂಡವರನ್ನು ಎತ್ತಿಕೊಳ್ಳಲು ಜನ ಓಡಿಬರುತ್ತಿದ್ದಂತೆಯೇ, ೪ ಗಂಟೆ ೩೪ ನಿಮಿಷದ ಹೊತ್ತಿಗೆ, ಮೊದಲಿನದಕ್ಕಿಂತ ಬಲವಾದ ಎರಡನೆಯ ಸ್ಫೋಟವಾಯಿತು. ಜಪಾನೀಯರ ವಿಮಾನಗಳು ಬಂದುವೆಂದೇ ಬಹುಜನ ನಂಬಿದರು. ೧೯೪೨ರ ಏಪ್ರಿಲಿನಲ್ಲಿ ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಬಿದ್ದದ್ದನ್ನು ಕೇಳಿದ್ದ ಜನಕ್ಕೆ ಬೇರೇನು ತೋರೀತು? ಆದರೆ ಆಕಾಶದಲ್ಲಿ ಒಂದು ವಿಮಾನವೂ ಇರಲಿಲ್ಲ.

ಬೆಂಕಿಯನ್ನು ಹತೋಟಿಗೆ ತರಲು ಮೂರು ದಿನ ಬೇಕಾಯಿತು. ಹದಿಮೂರು ಹಡಗುಗಳು ನಾಶವಾದುವು. ಸುಮಾರು ಎಂಬತ್ತು ಸಾವಿರ ಜನ ಮನೆ ಕಳೆದುಕೊಂಡರು. ಐವತ್ತು ಸಾವಿರ ಮಂದಿಯ ಕೆಲಸ ಹೋಯಿತು. ಸುಮಾರು ಐದು ಲಕ್ಷ ಟನ್ ಭಗ್ನಾವಶೇಷವನ್ನು ತೆಗೆದು ಗೋದಿಗಳನ್ನು ಮತ್ತೆ ನಡೆಸುವುದಕ್ಕೆ ಎಂಟು ಸಾವಿರ ಜನ ಏಳು ತಿಂಗಳು ದುಡಿದರು.

ಇನ್ನು ಸತ್ತವರ ವಿಚಾರ. ನಾವು ಈ ಲೇಖನಕ್ಕೆ ಕೈಹಾಕಿದ್ದೇ ಇದಕ್ಕಾಗಿ.

ಸತ್ತ ಅಗ್ನಿಶಾಮಕ ದಳದವರು ೬೬ ಮಂದಿ. ಇವರನ್ನೂ ಸೇರಿಸಿ ಬಂದರಿನ ನಾನಾ ಸೇವೆಗಳಿಗೆ ಸೇರಿದವರು ೨೩೧ ಮಂದಿ. ಊರಿನ ಜನ ಐನೂರಕ್ಕೂ ಹೆಚ್ಚು. ಒಟ್ಟು ಎಷ್ಟು? ಎಂಟುನೂರು ಎನ್ನುವವರಿದ್ದಾರೆ, ಸಾವಿರದ ಮುನ್ನೂರು ಎನ್ನುವವರೂ ಇದ್ದಾರೆ. ಗಾಯಗೊಂಡವರು ೨,೫೦೦ಕ್ಕಿಂತ ಹೆಚ್ಚು. ಓದುಗರು ಒಂದು ಸಂಗತಿಯನ್ನು ಗಮನಿಸಬೇಕು. ಅಗ್ನಿಶಾಮಕ ದಳದ ಲೆಕ್ಕ ಬಿಡಿಯಂಕಿಯವರೆಗೆ ಖಚಿತವಾಗಿದೆ. ಒಟ್ಟು ಲೆಕ್ಕದಲ್ಲಿ ಐನೂರು ಜೀವಗಳ ಅಂತರವಿದೆ. ಒಂದೇ ದಿನ, ಒಂದೇ ಕಟ್ಟೆಯ ಸುತ್ತ ಸತ್ತವರಲ್ಲಿ ಕೆಲವರ ಲೆಕ್ಕ ಇಷ್ಟು ನಿಖರವಾಗಿಯೂ ಉಳಿದವರದು ಇಷ್ಟು ಸಡಿಲವಾಗಿಯೂ ಇರುವುದಕ್ಕೆ ಕಾರಣವೇನು?

ಹಾಜರಿ ಪುಸ್ತಕವೇ ಕಾರಣ. ಬಂಬ್‌ವಾಲಾ ಎಂದು ಊರವರು ಕರೆಯುತ್ತಿದ್ದ ದಳದವನಿಗೆ ನಂಬರಿತ್ತು, ಸಂಬಳದ ಪಟ್ಟಿಯಲ್ಲಿ ಹೆಸರಿತ್ತು, ಸಂಜೆ ಅವನು ಠಾಣೆಗೆ ಬಾರದಿದ್ದರೆ ಗೊತ್ತಾಗುತ್ತಿತ್ತು. ಗೋದಿಯ ಕೂಲಿಯ ಸ್ಥಿತಿ ಹಾಗಿರಲಿಲ್ಲ. ಆಗಿನ ಕಾಲದಲ್ಲಿ ಟೋಳಿವಾಲನೆಂಬ ಮೇಸ್ತ್ರಿ ಬೆಳಿಗ್ಗೆ ಬಾಗಿಲ ಬಳಿ ನೆರೆದವರಲ್ಲಿ ತನಗೆ ಬೇಕಾದವರನ್ನು ಆರಿಸಿ ಒಳಕ್ಕೆ ಕರೆದೊಯ್ಯುತ್ತಿದ್ದನು. ಇಂದು ಕೆಲಸ, ನಾಳೆ ಇಲ್ಲ. ಬಂದರಿನ ಕಚೇರಿಗೆ ಬೇಕಾಗಿದ್ದುದು ತೋಳುಗಳೇ ಹೊರತು ಹೆಸರುಗಳಲ್ಲ. ಗೋದಿಯ ಕೆಲಸಗಾರರ ಹೆಸರನ್ನು ಪಟ್ಟಿಗೆ ಹಚ್ಚಿ ಕೆಲಸವನ್ನು ಕ್ರಮಪಡಿಸುವ ಕಾನೂನು ಬಂದದ್ದು ಸ್ಫೋಟವಾಗಿ ನಾಲ್ಕು ವರ್ಷಗಳ ಮೇಲೆ, ೧೯೪೮ರಲ್ಲಿ. ಊರಿನಿಂದ ಒಂಟಿಯಾಗಿ ಬಂದು, ಹತ್ತಾರು ಜನರೊಡನೆ ಒಂದು ಖೋಲಿಯಲ್ಲಿ ಮಲಗಿ, ಕೆಲಸ ಸಿಕ್ಕಿದ ಕಡೆ ದುಡಿಯುವವನು ಒಂದು ಶುಕ್ರವಾರ ಹಿಂದಿರುಗದಿದ್ದರೆ ಅವನು ಸತ್ತನೋ, ಗದ್ದಲಕ್ಕೆ ಹೆದರಿ ಊರಿಗೆ ಓಡಿದನೋ, ಬೇರೆ ಕಡೆ ಕೆಲಸಕ್ಕೆ ಸೇರಿದನೋ ಎಂದು ವಿಚಾರಿಸುವವರು ಯಾರು? ದೇಹ ಗುರುತು ಸಿಗುವಂತಿದ್ದರೆ ಸರಿ. ಅನೇಕರ ದೇಹವೇ ಉಳಿಯಲಿಲ್ಲ. ಊರಿನಲ್ಲಿ ಹೆಂಡತಿ ಎಷ್ಟು ತಿಂಗಳು ಮನಿಯಾರ್ಡರಿಗಾಗಿ ಕಾದಳೋ!

ಬ್ರಿಟಿಷ್ ಸರಕಾರವು ಹೊಣೆ ಹೊತ್ತು, ಕೋರಿಕೆ ಸಲ್ಲಿಸಿದ ನಾಗರಿಕರಿಗೆ ಪರಿಹಾರ ಕೊಟ್ಟಿತು. ಇದನ್ನು ಹೇಳದಿರುವುದು ನ್ಯಾಯವಲ್ಲ. ಆದರೆ ಕೋರಿಕೆಯೆಂದರೆ ಕಾಗದ ಪತ್ರ ಬೇಕು, ಸಾಕ್ಷಿ ಬೇಕು. ಉಗ್ರಾಣದ ಮಾಲಿಕನಿಗೆ ಅವು ಸುಲಭವಾಗಿ ದೊರೆಯುತ್ತವೆ. ದಿನಗೂಲಿಯ ವಿಧವೆಗೆ ಎಲ್ಲಿಂದ ಬರಬೇಕು? ಈ ಗೋದಿಗಳ ಹಿಂಬದಿಯ ಫ್ರಿಯರ್ ರೋಡಿಗೆ ಈಗ ಗೋದಿ ಕಾರ್ಮಿಕರ ಮುಂದಾಳು ಪಿ. ಡಿಮೆಲ್ಲೊ ಅವರ ಹೆಸರು. ಮಂಗಳೂರಿನಿಂದ ಮುಂಬಯಿಗೆ ಬಂದ ತರುಣ ಜಾರ್ಜ್ ಫರ್ನಾಂಡಿಸರು ಕಾರ್ಮಿಕ ಚಳವಳಿಯ ಮೊದಲ ಪಾಠಗಳನ್ನು ಕಲಿತದ್ದು ಈ ಡಿಮೆಲ್ಲೊ ಅವರ ಬಳಿಯಲ್ಲೇ. ಆ ಬೀದಿಯಲ್ಲಿ ನಡೆಯುವವರು ಹಾಜರಿ ಪುಸ್ತಕದಲ್ಲಿ ಹೆಸರು ಬರೆಸಿಕೊಳ್ಳುವ ಹಕ್ಕಿಗಾಗಿ ಜನ ಏಕೆ ಹೋರಾಡಿದರೆಂಬುದನ್ನು ಈ ಬೆಂಕಿಯ ಬೆಳಕಿನಲ್ಲಿ ನೋಡಿದರೆ ಚೆನ್ನಾಗಿ ತಿಳಿದೀತು.

ಹಡಗಿನ ಚಿನ್ನದ ಕಥೆ ಮಾತ್ರ ಎಲ್ಲರಿಗೂ ಗೊತ್ತು. ಮೈಲಿಯಾಚೆಯ ಮನೆಯೊಂದರ ಮಾಡು ಒಡೆದು ಗಟ್ಟಿಯೊಂದು ಒಳಕ್ಕೆ ಬಿತ್ತು. ಮನೆಯ ಯಜಮಾನರು ಅದನ್ನು ಪ್ರಾಮಾಣಿಕವಾಗಿ ಒಪ್ಪಿಸಿದರು. ಬಂದರಿನ ಹೂಳು ತೆಗೆಯುವಾಗ ೨೦೧೧ರಲ್ಲಿಯೂ ಎರಡು ಗಟ್ಟಿಗಳು ಸಿಕ್ಕಿದುವು. ೧೨೪ ಗಟ್ಟಿಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಲೆಕ್ಕಕ್ಕೆ ಬಂದಿವೆ.

ಲೆಕ್ಕಕ್ಕೆ ಸೇರದ ಇನ್ನೊಂದು ಹಾನಿಯುಂಟು. ಗೋದಿಯಲ್ಲಿಯೂ ಉಗ್ರಾಣಗಳಲ್ಲಿಯೂ ಐವತ್ತು ಸಾವಿರ ಟನ್ನಿಗಿಂತ ಹೆಚ್ಚು ಆಹಾರಧಾನ್ಯ ಸುಟ್ಟುಹೋಯಿತು. ಹಿಂದಿನ ವರ್ಷವೇ, ೧೯೪೩ರಲ್ಲಿ, ಬಂಗಾಳದ ಕ್ಷಾಮದಲ್ಲಿ ಲಕ್ಷಾಂತರ ಜನ ಅನ್ನವಿಲ್ಲದೆ ಸತ್ತಿದ್ದರು. ಮುಂಬಯಿಯಲ್ಲಿ ಅದೇ ವರ್ಷ ಮೇ ತಿಂಗಳಿನಿಂದ ರೇಷನ್ ಚೀಟಿ ಜಾರಿಗೆ ಬಂದಿತ್ತು. ಒಂದು ಅಂದಾಜು ಮಾಡಿ ನೋಡೋಣ: ಒಬ್ಬನಿಗೆ ದಿನಕ್ಕೆ ಅರ್ಧ ಕಿಲೋ ಧಾನ್ಯವೆಂದರೆ, ಸುಟ್ಟುಹೋದದ್ದು ಹತ್ತು ಲಕ್ಷ ಜನರ ನೂರು ದಿನಗಳ ಊಟ. ಸ್ಫೋಟದ ಬಳಿಕ ಧಾನ್ಯದ ಕಾಳಸಂತೆ ಬೆಳೆಯಿತು. ಆ ಮಳೆಗಾಲದಲ್ಲಿ ಅರೆಹೊಟ್ಟೆಯಲ್ಲಿ ಕಾಯಿಲೆ ಬಿದ್ದ ಮಗುವಿನ ಸಾವನ್ನು ಯಾವ ಹಡಗಿನ ಖಾತೆಗೂ ಬರೆಯುವುದಿಲ್ಲ.

ಸುದ್ದಿಯನ್ನೂ ಮುಚ್ಚಿಟ್ಟರು. ಮರುದಿನವೇ, ಏಪ್ರಿಲ್ ೧೫ರಂದು, ಜಪಾನೀಯರ ಹಿಡಿತದಲ್ಲಿದ್ದ ಸೈಗಾನ್ ರೇಡಿಯೋ ಸ್ಫೋಟದ ವಿವರವನ್ನು ಬಿತ್ತರಿಸಿತು. ಆದರೆ ವರದಿಗಾರರು ಸುದ್ದಿಯನ್ನು ಹೊರಕ್ಕೆ ಕಳಿಸಲು ಇಲ್ಲಿನ ಸೆನ್ಸಾರು ಒಪ್ಪಿದ್ದು ಮೇ ತಿಂಗಳ ಎರಡನೆಯ ವಾರದಲ್ಲಿ. ಯಾರಿಂದ ಮುಚ್ಚಿಡಬೇಕೆಂದಿದ್ದರೋ ಆ ಶತ್ರುವಿಗೆ ಒಂದೇ ದಿನದಲ್ಲಿ ತಿಳಿಯಿತು. ಹೊರ ಊರುಗಳಲ್ಲಿ ತಮ್ಮವರ ಕ್ಷೇಮಕ್ಕಾಗಿ ಕಾಯುತ್ತಿದ್ದವರು ವದಂತಿಗಳನ್ನೇ ನಂಬಬೇಕಾಯಿತು.

ಇದು ಮುಂಬಯಿಯ ಒಂದು ದುರ್ದೈವವೆಂದು ಯಾರೂ ತಿಳಿಯಬಾರದು. ಮೊದಲನೆಯ ಮಹಾಯುದ್ಧದಲ್ಲಿ, ೧೯೧೭ರ ಡಿಸೆಂಬರ್ ೬ರಂದು, ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಸಿಡಿಮದ್ದು ತುಂಬಿದ 'ಮಾಂಟ್ ಬ್ಲಾಂಕ್' ಎಂಬ ಹಡಗು ಇನ್ನೊಂದಕ್ಕೆ ಢಿಕ್ಕಿ ಹೊಡೆದು ಹೊತ್ತಿಕೊಂಡಿತು. ಅಲ್ಲಿಯೂ ಕೆಂಪು ಬಾವುಟವಿರಲಿಲ್ಲ. ಹಡಗು ಉರಿಯುವುದನ್ನು ನೋಡಲು ಜನ ತಮ್ಮ ಮನೆಗಳ ಕಿಟಕಿಗೆ ಬಂದು ನಿಂತರು. ಸ್ಫೋಟದಲ್ಲಿ ಒಡೆದ ಗಾಜು ನೂರಾರು ಜನರ ಕಣ್ಣಿಗೆ ಚುಚ್ಚಿತು. ಸತ್ತವರು ಸುಮಾರು ೧,೮೦೦.

ಇಟಲಿಯ ಬಾರಿ ಬಂದರಿನ ಸಂಗತಿ ಇನ್ನೂ ಕೆಟ್ಟದು. ೧೯೪೩ರ ಡಿಸೆಂಬರ್ ೨ರಂದು ಜರ್ಮನ್ ವಿಮಾನಗಳು ಅಲ್ಲಿ ನಿಂತ ಹಡಗುಗಳ ಮೇಲೆ ಬಾಂಬು ಹಾಕಿದುವು. ಅವುಗಳಲ್ಲೊಂದಾದ ಅಮೇರಿಕದ 'ಜಾನ್ ಹಾರ್ವೆ'ಯಲ್ಲಿ ಎರಡು ಸಾವಿರ ವಿಷಾನಿಲದ ಬಾಂಬುಗಳಿದ್ದುವು. ಅದು ಪರಮ ಗುಟ್ಟು. ತಿಳಿದಿದ್ದ ಹಡಗಿನವರು ಸತ್ತುಹೋದರು. ನೀರಿಗೆ ಬಿದ್ದು ಮೈಯೆಲ್ಲ ವಿಷದ ಎಣ್ಣೆ ಬಳಿದುಕೊಂಡ ನಾವಿಕರನ್ನು ವೈದ್ಯರು ಒದ್ದೆ ಬಟ್ಟೆಯಲ್ಲೇ ಕಂಬಳಿ ಹೊದಿಸಿ ಮಲಗಿಸಿದರು. ಸಮುದ್ರದಲ್ಲಿ ಬಿದ್ದವರಿಗೆ ಮಾಡುವ ಉಪಚಾರ ಅದೇ ಅಲ್ಲವೇ? ಮೈ ತೊಳೆಸಿದ್ದರೆ ಎಷ್ಟೋ ಮಂದಿ ಬದುಕುತ್ತಿದ್ದರು. ವಿಷಾನಿಲಕ್ಕೆ ಸಿಕ್ಕಿ ಆಸ್ಪತ್ರೆ ಸೇರಿದ ೬೨೮ ಸೈನಿಕ, ನಾವಿಕರಲ್ಲಿ ೮೩ ಮಂದಿ ಆ ತಿಂಗಳೊಳಗೇ ಸತ್ತರು. ಊರಿನ ಜನ ಎಷ್ಟು ಸತ್ತರೆಂಬ ಲೆಕ್ಕ ಅಲ್ಲಿಯೂ ಇಲ್ಲ.

ಮುಂಬಯಿಯ ಸ್ಫೋಟವಾಗಿ ಮೂರು ತಿಂಗಳಿಗೆ, ಜುಲೈ ೧೭ರಂದು, ಅಮೇರಿಕದ ಪೋರ್ಟ್ ಶಿಕಾಗೋದಲ್ಲಿ ಹಡಗಿಗೆ ಮದ್ದುಗುಂಡು ತುಂಬುವಾಗ ಸ್ಫೋಟವಾಗಿ ೩೨೦ ಮಂದಿ ಸತ್ತರು. ಅವರಲ್ಲಿ ೨೦೨ ಮಂದಿ ಕರಿಯ ನಾವಿಕರು. ಅಲ್ಲಿ ಮದ್ದು ಹೊರುವ ಕೆಲಸಕ್ಕೆ ಹಚ್ಚಿದ್ದುದು ಅವರನ್ನೇ. ಬದುಕುಳಿದವರಲ್ಲಿ ಅನೇಕರು ಸರಿಯಾದ ತರಬೇತು, ಭದ್ರತೆ ಇಲ್ಲದೆ ಮತ್ತೆ ಆ ಕೆಲಸ ಮಾಡಲಾರೆವೆಂದರು. ಐವತ್ತು ಮಂದಿಗೆ ಬಂಡಾಯದ ಅಪರಾಧ ಹೊರಿಸಿ ಶಿಕ್ಷೆ ವಿಧಿಸಿದರು. ಅಮೇರಿಕದ ನೌಕಾಪಡೆ ಆ ತೀರ್ಪನ್ನು ರದ್ದುಮಾಡಿದ್ದು ಎಂಬತ್ತು ವರ್ಷಗಳಾದ ಮೇಲೆ, ೨೦೨೪ರ ಜುಲೈ ೧೭ರಂದು. ಅಷ್ಟು ಹೊತ್ತಿಗೆ ಆ ಐವತ್ತು ಮಂದಿಯಲ್ಲಿ ಒಬ್ಬರೂ ಉಳಿದಿರಲಿಲ್ಲ.

ಯುದ್ಧವಿಲ್ಲದ ಕಾಲದಲ್ಲಿಯೂ ಕೂಡಿಟ್ಟ ಆಯುಧ ಸುಮ್ಮನಿರುವುದಿಲ್ಲ. ೨೦೦೨ರ ಜನವರಿ ೨೭ರಂದು ನೈಜೀರಿಯದ ಲಾಗೋಸ್ ನಗರದ ನಡುವೆ ಇದ್ದ ಸೇನೆಯ ಉಗ್ರಾಣ ಸಿಡಿದಾಗ ಕತ್ತಲೆಯಲ್ಲಿ ಓಡಿದ ಜನ ಕಾಲುವೆಗೆ ಬಿದ್ದು ನೂರುಗಟ್ಟಲೆ ಮುಳುಗಿದರು; ಅವರಲ್ಲಿ ಮಕ್ಕಳೇ ಬಹಳ. ನಮ್ಮ ಮಹಾರಾಷ್ಟ್ರದ ಪುಲಗಾಂವ್ ಮದ್ದುಗುಂಡಿನ ಉಗ್ರಾಣದಲ್ಲಿ ೨೦೧೬ರ ಮೇ ೩೧ರಂದು ಬೆಂಕಿ ಬಿದ್ದಾಗ ಹದಿನೈದಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಹಲವರು ಬೆಂಕಿ ನಂದಿಸಲು ಹೋದವರು.

ಭಾರತದಲ್ಲಿ ಪ್ರತಿವರ್ಷ ಏಪ್ರಿಲ್ ೧೪ನ್ನು ಅಗ್ನಿಶಾಮಕ ಸೇವಾ ದಿನವೆಂದು ಆಚರಿಸುತ್ತಾರೆ. ಬೈಕಲಾದ ಅಗ್ನಿಶಾಮಕ ಕೇಂದ್ರದಲ್ಲಿ ೧೯೪೪ರಲ್ಲಿ ಮಡಿದ ದಳದವರ ಸ್ಮಾರಕವಿದೆ. ಅಂದು ಅಲ್ಲಿ ಹೂಮಾಲೆ ಇಡುತ್ತಾರೆ. ಗೋದಿಯ ದಿನಗೂಲಿಗಳ ಹೆಸರುಗಳಿಗೆ ಅಂಥ ಆಸರೆಯಿಲ್ಲ. ಆ ಸದ್ದನ್ನು ಕಿವಿಯಾರೆ ಕೇಳಿದವರು ಈಗ ತೀರ ವಿರಳ. ಆದರೆ ಮುಂಬಯಿಗೆ ಹಿಂದೆಯೇ ಬಂದು ನೆಲೆಸಿದ ನಮ್ಮವರ ಮನೆಗಳಲ್ಲಿ ಅಜ್ಜನ ಕಾಗದವೋ, ಹಳೆಯ ಲೆಕ್ಕದ ಪುಸ್ತಕದಲ್ಲಿ ಒಂದು ಟಿಪ್ಪಣಿಯೋ, 'ನಮ್ಮ ದೊಡ್ಡಪ್ಪ ಗೋದಿಗೆ ಹೋದವರು ಹಿಂದಿರುಗಲಿಲ್ಲ' ಎಂಬ ಬಾಯಿಮಾತೋ ಇನ್ನೂ ಇರಬಹುದು. ಅಂಥದು ಇದ್ದವರು ಹೆಸರು, ಊರು, ಮಾಡುತ್ತಿದ್ದ ಕೆಲಸ ಇಷ್ಟನ್ನಾದರೂ ಒಂದು ಹಾಳೆಯಲ್ಲಿ ಬರೆದು ವಾಚನಾಲಯದಲ್ಲಿ ಕೊಡಬೇಕೆಂದು ಕೋರುತ್ತೇವೆ. ಬರೆಯಲು ಬಾರದ ಹಿರಿಯರಿದ್ದರೆ ಅವರು ಹೇಳಿದಂತೆ ಮನೆಯ ಮಕ್ಕಳು ಬರೆದುಕೊಳ್ಳಲಿ.